ಗಾಳಿ ತುಂಬೋ ಪ್ಯಾಡಲ್‌ಬೋರ್ಡ್ (ನೀರಲ್ಲಿ ನಿಂತು ಹುಟ್ಟು ಹಾಕೋ ಹಲಗೆ) ಮೇಲೆ ನಿಂತ್ರೆ ಅಲ್ಲಾಡುತ್ತೆ, 32 ಇಂಚು ಅಗಲದ್ದು ಕೊಟ್ಟು 34 ಇಂಚಿಂದು ತಗೊಳ್ಳೋದಾ?

ತಡೀರಿ, ಮಾರಬೇಡಿ. ನಾನೂ ನಿಮ್ಮ ಥರಾನೇ ಅಗಲ ಸಾಲ್ದು ಅಂದ್ಕೊಂಡು ಮೊದಲನೇ ಬೋರ್ಡನ್ನ ಅರ್ಧ ದುಡ್ಡಿಗೆ ಮಾರಿ 34 ಇಂಚಿಂದು ತಂದೆ, ಅದರ ಮೇಲೂ ಕಾಲು ನಡುಗಿದ್ದು ನಡುಗಿದ್ದೇ. ಆ ಕಡೆ ನನ್ನ ಹಳೇ ಬೋರ್ಡ್ ಕೊಂಡವನು ಅದೇ ನೀರಲ್ಲಿ, ಅದೇ 32 ಇಂಚಿನ ಮೇಲೆ ನೆಟ್ಟಗೆ ನಿಂತು ಆರಾಮಾಗಿ ಹೋಗ್ತಿದ್ದಾನೆ. ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳ್ಲಿ. ಏನ್ ಮಾಡಿದ್ರಿ ಇದಕ್ಕೆ ಅಂತ ಕೇಳಿದ್ರೆ ಅವನು ವಾಪಸ್ ಕೇಳಿದ್ದು ಒಂದೇ, ನೀವು ಎಷ್ಟು ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಹಾಕ್ತಿದ್ರಿ ಅಂತ.

ಅಲ್ಲೇ ಇತ್ತು ನೋಡಿ ಎಲ್ಲಾ. ಇದನ್ನ ಸ್ವಲ್ಪ ಎಳೆದು ಹೇಳ್ತೀನಿ, ಯಾಕಂದ್ರೆ ಹೊಸಬರು ಬಹಳ ಜನ ಇಲ್ಲೇ ಎಡವೋದು. ಪಂಪ್ ಹೊಡೆಯೋಕೆ ಶುರು ಮಾಡಿದಾಗ ಸಲೀಸಾಗಿ ಗಾಳಿ ಹೋಗುತ್ತೆ, ಸ್ವಲ್ಪ ಹೊತ್ತಿಗೆ ಬೋರ್ಡ್ ಪೂರ್ತಿ ಆಕಾರಕ್ಕೆ ಬಂದುಬಿಡುತ್ತೆ, ಹೆಬ್ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗಲ್ಲ, ಆದ್ರೆ ಒತ್ತಡ ತೋರಿಸೋ ಗೇಜ್ ಮುಳ್ಳು ಮಾತ್ರ ಸೊನ್ನೆ ಬಿಟ್ಟು ಕದಲಿರಲ್ಲ. ನಾನು ಗೇಜೇ ಕೆಟ್ಟಿದೆ ಅಂತ ತೀರ್ಮಾನ ಮಾಡಿದ್ದೆ! ಅದು ಕೆಟ್ಟಿರಲ್ಲ, ಅಲ್ಲಿವರೆಗೆ ಖಾಲಿ ಜಾಗ ತುಂಬ್ತಾ ಇರುತ್ತೆ ಅಷ್ಟೆ, ಒತ್ತಡ ಏರೋಕೆ ಶುರುವಾಗೋದೇ ಆಮೇಲೆ. ಮುಳ್ಳು ಎದ್ದ ಮೇಲೆ ಒಂದೊಂದು ಹೊಡೆತಕ್ಕೂ ಬೆವರು ಇಳಿಯುತ್ತೆ, ಜಾಸ್ತಿ ಆದ್ರೆ ಒಡೆದೋಗುತ್ತೇನೋ ಅಂತ ಭಯ ಬೇರೆ, ಹಂಗಾಗಿ 7-8ಕ್ಕೆ ಸಾಕು ಅಂತ ನಿಲ್ಲಿಸ್ತಿದ್ದೆ.

ನೆಲದ ಮೇಲೆ ಇಟ್ಟಾಗ ಏನೂ ಗೊತ್ತಾಗಲ್ಲ. ನೀರಿಗಿಳಿಸಿ ನಡುವಲ್ಲಿ ನಿಂತ್ರೆ ನಮ್ಮ ಭಾರಕ್ಕೆ ಮಧ್ಯ ಕುಸಿದು ಎರಡು ತುದೀನೂ ಮೇಲೆದ್ದು ಬೋರ್ಡ್ ಬಾಳೆಹಣ್ಣಿನ ಥರ ಬಗ್ಗುತ್ತೆ, ಪಾದದ ಸುತ್ತ ನೀರು ಹರಿದು ಬರುತ್ತೆ. ಹಂಗೆ ಬಗ್ಗಿರೋದರ ಮೇಲೆ ಸ್ವಲ್ಪ ಭಾರ ಆಚೀಚೆ ಆದ್ರೂ ಅಲ್ಲಾಡದೆ ಇನ್ನೇನಾಗುತ್ತೆ. ನಿಮ್ಮದೂ ಇದೇನಾ ಅಂತ ನೋಡ್ಬೇಕಾ? ನೀವು ನಿಂತಾಗ ದಡದಲ್ಲಿರೋರಿಗೆ ಪಕ್ಕದಿಂದ ಒಂದು ಫೋಟೋ ತೆಗೆಯೋಕೆ ಹೇಳಿ.

ಬೋರ್ಡ್ ಒಳಗೆ ಮೇಲಿನ ಪದರದಿಂದ ಕೆಳಗಿನ ಪದರಕ್ಕೆ ಸಾವಿರಾರು ದಾರ ಇರುತ್ತೆ, ಡ್ರಾಪ್ ಸ್ಟಿಚ್ ಅಂತಾರೆ. ಗಾಳಿ ತುಂಬಿದ್ರೂ ಉಬ್ಬಿ ದುಂಡಗಾಗದೆ ಹಲಗೆ ಥರ ಚಪ್ಪಟೆ ಇರೋದು ಆ ದಾರದಿಂದಾನೇ, ಆ ದಾರ ಬಿಗಿಯಾಗಿ ನಿಲ್ಲೋಕೆ ಒತ್ತಡ ಬೇಕೇ ಬೇಕು. ಬಹಳಷ್ಟು ಬೋರ್ಡ್‌ಗಳಿಗೆ 12ರಿಂದ 15 ಪಿಎಸ್‌ಐ, ಬಾರ್ ಅನ್ನೋ ಇನ್ನೊಂದು ಅಳತೆಯಲ್ಲಿ ಹೆಚ್ಚುಕಮ್ಮಿ 1. ನಿಮ್ಮದಕ್ಕೆ ಎಷ್ಟು ಅಂತ ವಾಲ್ವ್ ಹತ್ರಾನೋ ಮ್ಯಾನ್ಯುಯಲ್‌ನಲ್ಲೋ ಬರೆದಿರುತ್ತೆ, ಅಲ್ಲಿವರೆಗೂ ಧೈರ್ಯವಾಗಿ ಹೊಡೀರಿ, ಅದನ್ನ ದಾಟಬೇಡಿ.

ಕೈಪಂಪ್ ಆದ್ರೆ ಶುರುವಲ್ಲಿ ಡಬಲ್ ಆಕ್ಷನ್, ಎಳೆದಾಗಲೂ ಒತ್ತಿದಾಗಲೂ ಗಾಳಿ ಹೋಗ್ಲಿ. ಗಟ್ಟಿಯಾಯ್ತು ಅನ್ಸಿದಾಗ ಒತ್ತಿದಾಗ ಮಾತ್ರ ಗಾಳಿ ಹೋಗೋ ಸಿಂಗಲ್‌ಗೆ ಬದಲಾಯಿಸಿ, ತೋಳಿನ ಬಲ ನಂಬ್ಕೊಳ್ದೆ ಮೈಭಾರ ಪೂರ್ತಿ ಬಿಟ್ಟು ಒತ್ತಿ. ಎಲೆಕ್ಟ್ರಿಕ್ ಪಂಪ್ ದಂಡಾನಾ ಅಂತಾನೂ ಕೇಳಿದೀರಲ್ಲ, ನನ್ನ ಪ್ರಕಾರ ಅಲ್ಲ. ಎಷ್ಟು ಬೇಕೋ ಅಷ್ಟಕ್ಕೆ ಸೆಟ್ ಮಾಡಿ ಬಿಟ್ರೆ ತಾನೇ ನಿಲ್ಲುತ್ತೆ, ಸುಸ್ತಾಗಿ ಅರ್ಧಕ್ಕೆ ಬಿಡೋ ಮಾತೇ ಇಲ್ಲ. ಹೊಸ ಬೋರ್ಡ್‌ಗೆ ಇಟ್ಟಿರೋ ದುಡ್ಡು ಇದಕ್ಕೆ ಹಾಕಿ. ಇನ್ನೊಂದು, ಪೈಪ್ ಹಾಕೋ ಮುಂಚೆ ವಾಲ್ವ್ ಒಳಗಿನ ಪಿನ್ ಮೇಲೆದ್ದಿರ್ಬೇಕು. ಕೆಳಗೇ ಕೂತಿದ್ರೆ ಪೈಪ್ ತೆಗೆದ ಕೂಡ್ಲೇ ಅಷ್ಟೂ ಗಾಳಿ ಜೋರಾಗಿ ಹೊರಗೆ, ನೀವು ಹೊಡೆದಿದ್ದೆಲ್ಲಾ ನೀರುಪಾಲು.

ಗಾಳಿ ಸರಿ ಮಾಡಿದ್ಮೇಲೂ ಮೊದಮೊದಲು ಬೀಳ್ತೀರಿ, ಬೀಳಿ ಪರ್ವಾಗಿಲ್ಲ, ಬೋರ್ಡಿಂದ ಆಚೆ ನೀರಿಗೆ ಬೀಳಿ. ಮೊದಲು ನಡುವಿನ ಹಿಡಿಕೆ ಹತ್ರ ಮಂಡಿಯೂರಿ ಹುಟ್ಟು ಹಾಕಿ, ಆಮೇಲೆ ಒಂದೊಂದೇ ಪಾದ ಇಟ್ಟು ಏಳಿ, ಮಂಡಿ ಸಡಿಲ ಇರ್ಲಿ, ದೃಷ್ಟಿ ದೂರಕ್ಕಿರ್ಲಿ. ಕಾಲು ನೋಡ್ಕೊಂಡು ನಿಂತವರು ಬಿದ್ದಂಗೇ ಲೆಕ್ಕ. ಪ್ಯಾಡಲ್‌ನ ಅಲಗು ಮುಂದಕ್ಕೆ ಬಾಗಿರ್ಬೇಕು, ಸುಮಾರು ಜನ ಉಲ್ಟಾ ಹಿಡಿದಿರ್ತಾರೆ. 34 ಇಂಚು ಬೇಕಾಗೋದು ನಿಮ್ಮ ತೂಕ ಜಾಸ್ತಿ ಇದ್ರೆ ಅಥವಾ ಮಗೂನೋ ನಾಯೀನೋ ಕೂರಿಸ್ಕೊಂಡು ಹೋಗೋದಾದ್ರೆ. ಅಗಲ ಆದಷ್ಟೂ ನಿಧಾನ.

ಈಜು ಬರುತ್ತೆ, ಲೀಶ್ (ಬೋರ್ಡನ್ನ ನಮ್ಮ ಮೈಗೆ ಕಟ್ಟೋ ಹಗ್ಗ) ಯಾಕೆ ಅಂತ ಕೊನೇಲಿ ಬರೆದಿದೀರಿ, ಅದನ್ನ ಮಾತ್ರ ನಾನು ಒಪ್ಪಲ್ಲ. ದಡದಿಂದ ಒಳಗಡೆಗೆ ಗಾಳಿ ಬೀಸೋ ದಿನ ದಡದ ಹತ್ರ ನೀರು ಕನ್ನಡಿ ಹಂಗೆ ಇರುತ್ತೆ, ಸ್ವಲ್ಪ ದೂರ ಹೋದ್ಮೇಲೆ ಎಳೆಯೋಕೆ ಶುರು. ನೀವು ಬಿದ್ರೆ ಖಾಲಿ ಬೋರ್ಡ್ ನಿಮ್ಮ ಈಜಿಗೆ ಸಿಗಲ್ಲ. ಲೀಶ್ ಕಟ್ಟಿ, ಲೈಫ್ ಜಾಕೆಟ್ ಹಾಕಿ, ಅಮೆರಿಕದ ಕೋಸ್ಟ್ ಗಾರ್ಡ್ 2008ರಲ್ಲೇ ಪ್ಯಾಡಲ್‌ಬೋರ್ಡನ್ನ ದೋಣಿ ಲೆಕ್ಕಕ್ಕೆ ಸೇರಿಸಿದೆ, ಆಟಿಕೆ ಅಂದ್ಕೋಬೇಡಿ. ಹರಿಯೋ ನದಿ ಆದ್ರೆ ಕಾಲಿಗೆ ಕಟ್ಟೋ ಲೀಶ್ ಬೇಡ, ಕೊಂಬೆಗೋ ಬಂಡೆಗೋ ಸಿಕ್ಕಿಹಾಕ್ಕೊಂಡ್ರೆ ಬಗ್ಗಿ ಬಿಚ್ಚೋಕಾಗಲ್ಲ, ಸೊಂಟಕ್ಕೆ ಕಟ್ಟಿ ಒಂದೇ ಎಳೆತಕ್ಕೆ ಬಿಚ್ಚೋ ಥರದ್ದು ಸಿಗುತ್ತೆ. ಗಾಳಿ ಎಳೀತು ಅಂದ್ರೆ ನಿಂತಿರ್ಬೇಡಿ, ಮಂಡಿಯೂರಿ ಹುಟ್ಟು ಹಾಕಿ.

ಈಗಿರೋ ಬೋರ್ಡ್‌ಗೆ ಪೂರ್ತಿ ತುಂಬಿ ಒಂದು ರಾತ್ರಿ ನೆರಳಲ್ಲಿ ಬಿಟ್ಟು ನೋಡಿ. ಬೆಳಿಗ್ಗೆ ಗಾಳಿ ಇಳಿದಿದ್ರೆ ವಾಲ್ವ್ ಸುತ್ತ ಸೋಪಿನ ನೀರು ಹಾಕಿ, ಗುಳ್ಳೆ ಬಂದ್ರೆ ರಿಪೇರಿ ಕಿಟ್‌ನಲ್ಲಿ ಕೊಟ್ಟಿರೋ ಪ್ಲಾಸ್ಟಿಕ್ ಸ್ಪ್ಯಾನರ್‌ನಿಂದ ವಾಲ್ವ್ ಬಿಗಿ ಮಾಡಿದ್ರೆ ಸಾಮಾನ್ಯವಾಗಿ ನಿಲ್ಲುತ್ತೆ.