ಎಫ್‌ಟಿಪಿ ಡೌನ್‌ಲೋಡ್ ರಾತ್ರಿ ತಾನಾಗೇ ಆಗಬೇಕು, ಹೇಗೆ?

ದಿನಾ ಬೆಳಗ್ಗೆ ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಫ್‌ಟಿಪಿಗೆ (ಸರ್ವರ್‌ನಿಂದ ಫೈಲ್ ತರುವ ವ್ಯವಸ್ಥೆ) ಲಾಗಿನ್ ಆಗಿ, ಒಂದೊಂದು ಜಿಪ್ ಫೈಲಿಗೂ 'ವೈ' ಒತ್ತಿ ಒತ್ತಿ ಸಾಕಾಗಿದೆ, ಇದು ರಾತ್ರಿ ತಾನಾಗೇ ಆಗಬೇಕು ಅಂತ ಕೇಳಿದ್ದೀರಿ. ಆಗುತ್ತದೆ. ನಾನೂ ಇದೇ ಪಾಡು ಪಟ್ಟವನು.

ನೀವು ಟೈಪ್ ಮಾಡುವುದನ್ನೇ ಒಂದು ಟೆಕ್ಸ್ಟ್ ಫೈಲಿನಲ್ಲಿ ಸಾಲಾಗಿ ಬರೆದಿಡಿ. ಓಪನ್ ಮತ್ತು ಸರ್ವರ್ ಹೆಸರು ಒಂದು ಸಾಲು, ಯೂಸರ್‌ನೇಮ್ ಒಂದು, ಪಾಸ್‌ವರ್ಡ್ ಒಂದು. ಆಮೇಲೆ ಬೈನರಿ, ಫೋಲ್ಡರ್‌ಗೆ ಹೋಗುವ ಸಿಡಿ, ಹಲವು ಫೈಲು ಒಟ್ಟಿಗೆ ಇಳಿಸುವ ಎಂಗೆಟ್, ಕೊನೆಗೆ ಮುಗಿಸುವ ಬೈ. ಎಫ್‌ಟಿಪಿ ಶುರು ಮಾಡುವಾಗ ಹೈಫನ್ ಎಸ್ ಕೋಲನ್ ಹಾಕಿ ಈ ಫೈಲಿನ ಹೆಸರು ಕೊಡಿ. ಜೊತೆಗೆ ಹೈಫನ್ ಐ ಕೊಟ್ಟರೆ 'ವೈ' ಕೇಳುವುದು ನಿಲ್ಲುತ್ತದೆ. ಈ ಕಮಾಂಡಿಗೆ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಸಮಯ ಇಟ್ಟುಬಿಡಿ.

ಬೈನರಿ ಸಾಲನ್ನು ಮಾತ್ರ ಮರೀಬೇಡಿ. ನಾನು ಮರೆತಿದ್ದೆ. ಫೈಲುಗಳೆಲ್ಲ ಬಂದಿದ್ದವು, ಒಂದು ಜಿಪ್ಪೂ ತೆರೆಯಲಿಲ್ಲ. ಸೈಜ್ ನೋಡಿದರೆ ಸರ್ವರ್‌ನಲ್ಲಿ ಇದ್ದದ್ದಕ್ಕಿಂತ ಸ್ವಲ್ಪ ಜಾಸ್ತಿ! ವಿಂಡೋಸ್‌ನ ಆ ಎಫ್‌ಟಿಪಿ ಕ್ಲೈಂಟ್ (ನಮ್ಮ ಕಡೆಯ ಪ್ರೋಗ್ರಾಂ) ಶುರುವಾಗುವುದೇ ಆಸ್ಕಿ ಮೋಡ್‌ನಲ್ಲಿ, ಅಂದರೆ ಎಲ್ಲವನ್ನೂ ಟೆಕ್ಸ್ಟ್ ಅಂದುಕೊಂಡು. ಲಿನಕ್ಸ್ ಸರ್ವರ್‌ನಿಂದ ಬರುವಾಗ 10 ಅನ್ನುವ ಬೈಟ್ ಎಲ್ಲಿ ಸಿಕ್ಕರೂ ಅದು ಸಾಲಿನ ಕೊನೆ ಅಂದುಕೊಂಡು ಅದಕ್ಕಿಂತ ಮೊದಲು ಒಂದು 13 ಸೇರಿಕೊಳ್ಳುತ್ತದೆ. ಟೆಕ್ಸ್ಟ್ ಆದರೆ ಸರಿ, ಜಿಪ್ ಆದರೆ ಹಾಳು.

ಲಾಗಿನ್ ಆಗುತ್ತದೆ, ಆದರೆ ಫೈಲ್ ಪಟ್ಟಿ ಕೇಳಿದ ಕೂಡಲೇ ಸುಮ್ನೆ ನಿಂತುಬಿಡುತ್ತದೆ ಅಂದರೆ ಅದು ಫೈರ್‌ವಾಲ್ ಸಮಸ್ಯೆ ಇರಬಹುದು. ಈ ಕ್ಲೈಂಟಿಗೆ ಪ್ಯಾಸಿವ್ ಮೋಡ್ (ಡೇಟಾಗೂ ನಮ್ಮ ಕಡೆಯಿಂದಲೇ ಕನೆಕ್ಟ್ ಆಗುವ ವಿಧಾನ) ಬರುವುದಿಲ್ಲ. ಡೇಟಾ ಕಳಿಸಲು ಸರ್ವರ್ರೇ ನಿಮ್ಮ ಕಂಪ್ಯೂಟರಿಗೆ ವಾಪಸ್ ಕನೆಕ್ಟ್ ಆಗಬೇಕು, ಫೈರ್‌ವಾಲ್ ಅದನ್ನು ಬಿಡುವುದಿಲ್ಲ. ಆಗ ವಿನ್‌ಎಸ್‌ಸಿಪಿ ಅನ್ನುವ ಬೇರೆ ಕ್ಲೈಂಟ್ ಹಾಕಿಕೊಳ್ಳಿ, ಅದಕ್ಕೂ ಸ್ಕ್ರಿಪ್ಟ್ ಬರೆಯಬಹುದು. ನಿಮ್ಮ ಕಂಪ್ಯೂಟರಿನಲ್ಲಿ ಲಿನಕ್ಸ್ ಇದ್ದರೆ ಎಲ್‌ಎಫ್‌ಟಿಪಿ ಅನ್ನುವ ಕ್ಲೈಂಟ್. ನನಗೆ ಅದೇ ಇಷ್ಟ. ಇಡೀ ಫೋಲ್ಡರ್ ಇಳಿಸುವ ಅದರ ಮಿರರ್ ಕಮಾಂಡಿಗೆ 'ಓನ್ಲಿ ನ್ಯೂವರ್' ಸೇರಿಸಿದರೆ ಹೊಸ ಫೈಲುಗಳನ್ನಷ್ಟೇ ತರುತ್ತದೆ, 'ಕಂಟಿನ್ಯೂ' ಸೇರಿಸಿದರೆ ಅರ್ಧಕ್ಕೆ ನಿಂತದ್ದನ್ನು ಅಲ್ಲಿಂದಲೇ ಮುಂದುವರಿಸುತ್ತದೆ.

ಇನ್ನೊಂದು ಮಾತು. ಕೈಯಲ್ಲಿ ಮಾಡುವಾಗ ತಪ್ಪಾದರೆ ಕಣ್ಣಿಗೆ ಬೀಳುತ್ತದೆ, ರಾತ್ರಿ ನೋಡುವವರು ಯಾರೂ ಇರುವುದಿಲ್ಲ ಅಲ್ವಾ? ವಿಂಡೋಸ್ ಕ್ಲೈಂಟ್ ಲಾಗಿನ್ನೇ ಆಗದಿದ್ದರೂ ಶೆಡ್ಯೂಲರ್‌ಗೆ ಎಲ್ಲ ಸರಿ ಅಂತಲೇ ಹೇಳಿಬಿಡುತ್ತದೆ. ಅದನ್ನು ನಂಬಬೇಡಿ. ಪರದೆಯಲ್ಲಿ ಬರುವುದನ್ನೆಲ್ಲ ಒಂದು ಲಾಗ್ ಫೈಲಿಗೆ ಬರೆಸಿ, ಅದರಲ್ಲಿ ಸರ್ವರ್ ಉತ್ತರವಾಗಿ ಕಳಿಸುವ ನಂಬರ್ ಹುಡುಕಿಸಿ. 226 ಅಂದರೆ ಕಳಿಸಿ ಆಯಿತು, 530 ಅಂದರೆ ಲಾಗಿನ್ ಆಗಿಲ್ಲ, 550 ಅಂದರೆ ಫೈಲ್ ಸಿಗಲಿಲ್ಲ. 226 ಬಂದರೂ ಸಾಲದು. ಅತ್ತ ಫೈಲ್ ಇನ್ನೂ ಬರೆಯುತ್ತಿರುವಾಗಲೇ ನೀವು ಎಳೆದುಕೊಂಡರೂ 226 ಬರುತ್ತದೆ. ಅದಕ್ಕೇ ಮೊದಲು ಬೇರೆ ಫೋಲ್ಡರಿಗೆ ಇಳಿಸಿ, ಜಿಪ್ ಟೆಸ್ಟ್ ಮಾಡಿಸಿ, ಪಾಸಾದದ್ದನ್ನು ಮಾತ್ರ ನಿಜವಾದ ಜಾಗಕ್ಕೆ ಕಳಿಸಿ.

ಪಾಸ್‌ವರ್ಡ್ ಇರುವ ಆ ಟೆಕ್ಸ್ಟ್ ಫೈಲನ್ನು ಬೇರೆಯವರು ಓದದ ಹಾಗೆ ಪರ್ಮಿಷನ್ ಹಾಕಿ. ಆದರೂ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ನೆಟ್‌ವರ್ಕ್‌ನಲ್ಲಿ ಯಾರಾದರೂ ಓದಬಹುದಾದ ಹಾಗೇ ಹೋಗುತ್ತದೆ. ಸರ್ವರ್ ನೋಡಿಕೊಳ್ಳುವವರನ್ನು ಎಸ್‌ಎಫ್‌ಟಿಪಿ (ಎಲ್ಲವನ್ನೂ ಗೂಢಲಿಪಿಯಲ್ಲಿ ಕಳಿಸುವ ವಿಧಾನ) ಇದೆಯಾ ಅಂತ ಇವತ್ತೇ ಕೇಳಿ. ಇದ್ದರೆ ಪಾಸ್‌ವರ್ಡ್ ಬದಲು ಕೀ ಫೈಲ್ ಹಾಕಿ ಲಾಗಿನ್ ಆಗಬಹುದು, ಪಾಸ್‌ವರ್ಡನ್ನು ಎಲ್ಲೂ ಬರೆದಿಡಬೇಕಾಗಿಲ್ಲ.