ಓದುಗರ ಪ್ರಶ್ನೆ: ಮುಖವಾಡದ ಜಾಗ ಗೋಡೆಯೋ, ಗುಡಿಯೋ?

ಮುಖವಾಡಗಳ ಕುರಿತು ಬಂದ ಪ್ರಶ್ನೆಗಳಲ್ಲಿ ಆಯ್ದ ಆರಕ್ಕೆ ಈ ಸಲ ಉತ್ತರ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ಮಗ-ಸೊಸೆ ಬಾಲಿ ದ್ವೀಪಕ್ಕೆ ಹೋಗಿದ್ದಾಗ ರಂಗ್ದಾ ಎಂಬ ಕೋರೆಹಲ್ಲಿನ ಮರದ ಮುಖವಾಡ ತಂದಿದ್ದಾರೆ. ನಮ್ಮ ಅತ್ತೆಯವರು "ಮೊಗ ಭಂಡಾರದಲ್ಲಿರಬೇಕು, ಮನೆ ಗೋಡೆಗೆ ತೂಗುಹಾಕುವುದಲ್ಲ" ಎನ್ನುತ್ತಾರೆ. ಅದರಲ್ಲಿ ನಿಜಕ್ಕೂ ಶಕ್ತಿ ಇರುತ್ತದೆಯೇ? ಮಳೆಗಾಲದಲ್ಲಿ ಬೂಷ್ಟು ಬೇರೆ ಹಿಡಿದಿದೆ. — ಓದುಗರು, ಪುತ್ತೂರು

ಉತ್ತರ: ಬಾಲಿಯವರ ಲೆಕ್ಕದಲ್ಲೇ ಹೇಳುವುದಾದರೆ, ಅಂಗಡಿಯಲ್ಲಿ ಕೊಂಡದ್ದು ಬರೀ ಮರ. ತೂಗುಹಾಕಲು ಅಡ್ಡಿಯಿಲ್ಲ. ಹಾಗೆಂದು ನಿಮ್ಮ ಅತ್ತೆಯವರ ಮಾತೂ ಸುಳ್ಳಲ್ಲ. ನೇಮದಲ್ಲಿ ಬಳಸುವ ಪಂಜುರ್ಲಿ, ಜುಮಾದಿ ದೈವಗಳ ಲೋಹದ ಮೊಗಕ್ಕೆ ತುಳುನಾಡಿನಲ್ಲಿ ಎಂಥ ಕಟ್ಟುಪಾಡಿದೆಯೋ, ಬಾಲಿಯಲ್ಲಿ ಪೂಜೆಗೊಂಡ ಮುಖವಾಡಕ್ಕೂ ಹೆಚ್ಚುಕಡಿಮೆ ಅಂಥದೇ ಇದೆ. ವ್ಯತ್ಯಾಸವಿರುವುದು ಮುಖದ ಆಕಾರದಲ್ಲಲ್ಲ, ಅದು ಹಾದುಬಂದ ವಿಧಿಗಳಲ್ಲಿ.

ಗುಡಿಗೆ ಸಲ್ಲುವ ರಂಗ್ದಾ ಅಥವಾ ಅವಳ ಎದುರಾಳಿ ಬಾರೊಂಗ್‌ನ ಮುಖವಾಡಕ್ಕೆ ಪುಲೆ ಮರವೇ ಬೇಕು. ಇದು ಬೇರೇನಲ್ಲ, ನಮ್ಮ ಹಾಲೆ ಮರ, ತುಳುವಿನ ಪಾಲೆ. ಆಟಿ ಅಮಾವಾಸ್ಯೆಯಂದು ನೀವು ತೊಗಟೆಯ ಕಷಾಯ ಕುಡಿಯುವುದು ಇದೇ ಮರದ್ದು. ಬಾಲಿಯಲ್ಲಿ ಗುಡಿಯ ಆವರಣದಲ್ಲೋ ಸ್ಮಶಾನದ ಬಳಿಯೋ ಬೆಳೆದ ಮರವನ್ನು ಹುಡುಕುತ್ತಾರೆ. ಕಾಂಡದಲ್ಲಿ ಗಂಟು ಉಬ್ಬಿ ಬಂದಿದ್ದರೆ ಮರ ಬಸುರಾಗಿದೆ ಎನ್ನುತ್ತಾರೆ. ಒಳ್ಳೆಯ ದಿನ ನೋಡಿ, ನೈವೇದ್ಯವಿಟ್ಟು, ಮರದ ಒಪ್ಪಿಗೆ ಬೇಡಿ, ಆ ಗಂಟನ್ನಷ್ಟೇ ಕೊಯ್ದುಕೊಳ್ಳುತ್ತಾರೆ. ಮರ ಬದುಕಿಯೇ ಇರಬೇಕು. ಪುಲೆಯನ್ನು ಆರಿಸಲು ಕಸುಬಿನ ಕಾರಣವೂ ಇದೆ: ಹಗುರ, ಮೆದು, ಎಳೆ ನಯ, ಕೆತ್ತುವಾಗ ಸಿಬಿರು ಏಳುವುದು ಕಡಿಮೆ.

ಕೆತ್ತಿದ ಮೇಲೆ ಬಣ್ಣ. ಹಳೆಯ ಕ್ರಮದಲ್ಲಿ ಸುಟ್ಟ ಮೂಳೆಯ ಬಿಳಿ ಪುಡಿಯನ್ನು ಅರೆದು, ಮೀನಿನ ಅಂಟಿನಲ್ಲಿ ಕಲಸಿ, ತೆಳ್ಳಗೆ ಹತ್ತಾರು ಪದರ ಬಳಿಯುತ್ತಾರೆ. ಪ್ರತಿ ಪದರವೂ ಒಣಗಿದ ಮೇಲೆಯೇ ಮುಂದಿನದು. ಆಮೇಲೆ ಪಸುಪತಿ ಎಂಬ ವಿಧಿಯಲ್ಲಿ ಪ್ರಾಣ ತುಂಬುವುದು. ರಂಗ್ದಾ, ಬಾರೊಂಗ್‌ಗಳಿಗೆ ಇಷ್ಟೇ ಸಾಲದು. ನಡುರಾತ್ರಿ ಸ್ಮಶಾನಕ್ಕೆ ಒಯ್ದು ಇನ್ನೊಂದು ವಿಧಿ ನಡೆಸುತ್ತಾರೆ. ಅಲ್ಲಿಂದಾಚೆಗೆ ಅದರ ವಾಸ ಗುಡಿಯಲ್ಲಿ, ಬಟ್ಟೆ ಹೊದ್ದು. 210 ದಿನಕ್ಕೊಮ್ಮೆ ಬರುವ ತುಂಪೆಕ್ ವಾಯಾಂಗ್ ದಿನದಂದು ಮುಖವಾಡಗಳಿಗೂ ಬೊಂಬೆಗಳಿಗೂ ಪೂಜೆ ಸಲ್ಲುತ್ತದೆ. ಮಾರಾಟಕ್ಕೆ ಮಾಡಿದ್ದು ಈ ಹಾದಿಯಲ್ಲಿ ಒಂದು ಹೆಜ್ಜೆಯನ್ನೂ ಇಟ್ಟಿರುವುದಿಲ್ಲ.

ಇನ್ನೊಂದು ಮಾತು. ರಂಗ್ದಾ ಎಂದರೆ ಬರೀ ರಾಕ್ಷಸಿ ಎಂದು ಅಂಗಡಿಯವರು ಹೇಳುವುದು ಅರ್ಧ ಸತ್ಯ. ಬಾರೊಂಗ್ ಜೊತೆ ಅವಳು ಕಾದಾಡುವ ಆಟದಲ್ಲಿ ಯಾರೂ ಕೊನೆಗೆ ಗೆಲ್ಲುವುದಿಲ್ಲ. ಊರಿನವರು ಇಬ್ಬರ ಮುಖವಾಡವನ್ನೂ ಪೂಜಿಸುತ್ತಾರೆ, ಇಬ್ಬರಿಂದಲೂ ಕಾವಲು ಬೇಡುತ್ತಾರೆ. ಮಾರಿಯಮ್ಮನನ್ನು ಬಲ್ಲವರಿಗೆ ಇದು ಹೊಸದೇನಲ್ಲ.

ಬೂಷ್ಟಿನ ವಿಷಯ: ಮುಖವಾಡವನ್ನು ಮನೆಯಿಂದ ಹೊರಗೊಯ್ದು, ನಿಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣಗಿದ ಮೆತ್ತನೆ ಬ್ರಷ್‌ನಿಂದ ಕೊಡವಿ. ನೀರು, ಸೀಮೆಎಣ್ಣೆ, ಸ್ಪಿರಿಟ್ ಮುಟ್ಟಿಸಬೇಡಿ, ಬಣ್ಣ ಎದ್ದುಬರುತ್ತದೆ. ಚಿನ್ನದ ರೇಕಿರುವ ಕಡೆ ಉಜ್ಜಲೇಬೇಡಿ. ಎರಡು-ಮೂರು ದಿನ ನೆರಳಲ್ಲಿ ಗಾಳಿಗಿಡಿ. ಬಿಸಿಲಿಗಿಟ್ಟರೆ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ್ನೂ ಹಸಿಯಿರುತ್ತದೆ, ಹಣೆಯಿಂದ ಗಲ್ಲದವರೆಗೆ ಬಿರುಕು ಬಿಡುತ್ತದೆ. ಮಳೆ ಹೊಡೆಯುವ ಹೊರಗೋಡೆ ಬಿಟ್ಟು ಒಳಗೋಡೆಗೆ ಹಾಕಿ. ಹಿಂಬದಿಯ ನಾಲ್ಕು ಮೂಲೆಗೆ ಕಾರ್ಕ್ ಬಿಲ್ಲೆ ಅಂಟಿಸಿದರೆ ಗಾಳಿಯಾಡುತ್ತದೆ. ಕೆಳಗೆ ನಯವಾದ ಬಿಳಿ ಪುಡಿ ಉದುರುತ್ತಿದ್ದರೆ ಅದು ಬೂಷ್ಟಲ್ಲ, ಮರ ಕೊರೆಯುವ ಹುಳು. ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಉಳಿದ ಮರದ ಸಾಮಾನಿನಿಂದ ದೂರವಿಡಿ.

ಪ್ರಶ್ನೆ: ಜಪಾನಿನ ನೋ ನಾಟಕದಲ್ಲಿ ಮರದ ಮುಖವಾಡವೇ ನಗುತ್ತದೆ, ಅಳುತ್ತದೆ ಎಂದು ಓದಿದೆ. ಅದು ಹೇಗೆ ಸಾಧ್ಯ? ನಮ್ಮ ತಂಡದಲ್ಲಿ ಮುಖವಾಡ ಹಾಕಿದ ಕೂಡಲೇ ನಟರು ಬೊಂಬೆಗಳಂತೆ ಕಾಣುತ್ತಾರೆ. — ರಂಗಾಸಕ್ತರು, ಸಾಗರ

ಉತ್ತರ: ಮೊದಲ ಗುಟ್ಟು ಅಳತೆಯಲ್ಲಿದೆ. ಯುವತಿಯ ಪಾತ್ರದ ಕೊ-ಒಮೊತೆ ಮುಖವಾಡ ಸುಮಾರು 21 ಸೆಂ.ಮೀ. ಉದ್ದ, 13-14 ಸೆಂ.ಮೀ. ಅಗಲ. ನಟನ ಮುಖಕ್ಕಿಂತ ಚಿಕ್ಕದು. ಗಲ್ಲ, ದವಡೆ ಹೊರಗೆ ಕಾಣುತ್ತಲೇ ಇರುತ್ತವೆ. ಹಿನೊಕಿ ಎಂಬ ಸೈಪ್ರೆಸ್ ಜಾತಿಯ ಮರದಲ್ಲಿ ಕೆತ್ತಿ, ಮೇಲೆ ಸಿಂಪಿ ಚಿಪ್ಪಿನ ಪುಡಿಯನ್ನು ಪ್ರಾಣಿಜನ್ಯ ಅಂಟಿನಲ್ಲಿ ಕಲಸಿ ಪದರಪದರವಾಗಿ ಬಳಿಯುತ್ತಾರೆ. ಅಂಟು ಹೆಚ್ಚಾದರೆ ಒಣಗುವಾಗ ಬಿರಿದು ಚಕ್ಕೆಯೇಳುತ್ತದೆ. ಕಡಿಮೆಯಾದರೆ ಮುಟ್ಟಿದರೆ ಪುಡಿ ಕೈಗೆ ಬರುತ್ತದೆ. ತುಟಿ ಅರೆತೆರೆದಿರುತ್ತದೆ, ರೆಪ್ಪೆ ಅರೆಮುಚ್ಚಿರುತ್ತದೆ, ಎಡಬಲ ಎರಡೂ ಪೂರಾ ಸಮನಾಗಿರುವುದಿಲ್ಲ. ಯಾವ ಭಾವವನ್ನೂ ಪೂರ್ತಿ ಹೇಳಿಬಿಡದ ಮುಖ ಇದು.

ಎರಡನೆಯದು ಬೆಳಕು-ನೆರಳು. ಮುಖವನ್ನು ಒಂದಿಷ್ಟು ಮೇಲೆತ್ತಿದರೆ ಬೆಳಕು ಹಣೆ, ಕೆನ್ನೆಗೆ ಬಿದ್ದು ಮುಖ ಅರಳುತ್ತದೆ. ಇದಕ್ಕೆ ತೆರಸು ಎನ್ನುತ್ತಾರೆ. ತುಸು ತಗ್ಗಿಸಿದರೆ ಕಣ್ಣು-ತುಟಿಯ ಕೆಳಗೆ ನೆರಳು ಕೂತು ಕಳೆಗುಂದುತ್ತದೆ, ಅದು ಕುಮೊರಸು. ಕೋಪಕ್ಕೆ ಪಕ್ಕಕ್ಕೆ ಸರ್ರನೆ ಕಡಿದಂತೆ ತಿರುಗಿಸುವುದು. ಮತ್ಸರದಿಂದ ಕೊಂಬು ಮೂಡಿದ ಹೆಣ್ಣು ಹನ್ಯಾಳ ಮುಖವಾಡ ನೋಡಿ: ಬಾಯಲ್ಲಿ ಕೋರೆದಾಡೆಯ ಸಿಟ್ಟು, ಹುಬ್ಬಿನಲ್ಲಿ ಸಂಕಟ. ತಲೆ ತಗ್ಗಿಸಿದಾಗ ಬಾಯಿ ಮರೆಯಾಗಿ ಅಳುವ ಹೆಣ್ಣೊಬ್ಬಳೇ ಉಳಿಯುತ್ತಾಳೆ.

ನಿಮ್ಮ ನಟರ ಮುಖವಾಡ ಸಾಯುವುದು ಬಹುಶಃ ನಡಿಗೆಯಲ್ಲಿ. ಹೆಜ್ಜೆಗೊಮ್ಮೆ ತಲೆ ಕುಣಿದರೆ ಬೆಳಕು-ನೆರಳು ಅಳಿಸಿಹೋಗುತ್ತದೆ. ನೋ ನಟ ಸೊಂಟವನ್ನು ಕೆಳಗಿಟ್ಟು, ಅಂಗಾಲನ್ನು ನೆಲದಿಂದ ಎತ್ತದೆ ಜಾರಿಸಿಕೊಂಡು ನಡೆಯುತ್ತಾನೆ. ತಲೆ ಒಂದೇ ಮಟ್ಟದಲ್ಲಿ ಸಾಗುತ್ತದೆ. ಇಣುಕು ತೂತುಗಳು ಎಷ್ಟು ಚಿಕ್ಕವೆಂದರೆ ಕಾಲ ಬುಡವೂ ಕಾಣದು. ರಂಗದ ಮುಂದಿನ ಮೂಲೆಯ ಕಂಬವೇ ಅವನಿಗೆ ದಿಕ್ಕು. ಮುಖವಾಡ ಕೂರುವ ಕೋನವನ್ನು ಒಳಗೆ ಹಣೆಗೆ, ಕೆನ್ನೆಗೆ ಚಿಕ್ಕ ಮೆತ್ತೆಗಳನ್ನು ಇಟ್ಟು ಸರಿಮಾಡುತ್ತಾರೆ. ಈ ಮೆತ್ತೆಯ ಉಪಾಯವನ್ನು ನೀವು ನಾಳೆಯೇ ಮಾಡಿ ನೋಡಬಹುದು, ಖರ್ಚಿಲ್ಲ.

ಇನ್ನು ಅದರ ಗೌರವ. ಮುಖವಾಡವನ್ನು ಮುಟ್ಟುವುದು ಕಿವಿಯ ಬಳಿ ದಾರ ಕಟ್ಟುವ ತೂತುಗಳ ಎಡೆಯಲ್ಲಿ ಮಾತ್ರ, ಮುಖಕ್ಕೆ ಬೆರಳು ತಾಗಿಸುವಂತಿಲ್ಲ. ನಟ ಕನ್ನಡಿಕೋಣೆಯಲ್ಲಿ ಕೂತು ಅದಕ್ಕೆ ತಲೆಬಾಗಿ ಆಮೇಲೆ ಧರಿಸುತ್ತಾನೆ. ಎಲ್ಲಕ್ಕಿಂತ ಹಳೆಯದೆನ್ನುವ ಒಕಿನಾ ಪ್ರಯೋಗದಲ್ಲಿ ಮಾತ್ರ ಕ್ರಮ ಬೇರೆ. ಅದು ನಾಡಿನ ನೆಮ್ಮದಿ, ಫಸಲಿಗಾಗಿ ಮಾಡುವ ಪ್ರಾರ್ಥನೆ. ನಟ ಮೊದಲೇ ವ್ರತ ಹಿಡಿದು, ಬೇರೆ ಒಲೆಯಲ್ಲಿ ಬೇಯಿಸಿದ್ದನ್ನು ಉಂಡು, ಬರಿಮುಖದಲ್ಲಿ ರಂಗಕ್ಕೆ ಬರುತ್ತಾನೆ; ಮುದುಕನ ಮುಖವಾಡ ಪೆಟ್ಟಿಗೆಯಲ್ಲಿ ಬರುತ್ತದೆ; ಎಲ್ಲರೆದುರೇ ಅದನ್ನು ಧರಿಸುತ್ತಾನೆ, ಎಲ್ಲರೆದುರೇ ತೆಗೆಯುತ್ತಾನೆ. ನೋಡುತ್ತಿರುವಂತೆಯೇ ಮನುಷ್ಯ ದೇವರಾಗಿ ಮರಳಿ ಮನುಷ್ಯನಾಗುತ್ತಾನೆ. ವೇಷ ಮರೆಮಾಚುವ ಸಾಧನ ಎಂದುಕೊಂಡವರಿಗೆ ಇದು ದೊಡ್ಡ ತಿದ್ದುಪಡಿ.

ಪ್ರಶ್ನೆ: ಶಾಲಾ ವಾರ್ಷಿಕೋತ್ಸವಕ್ಕೆ ನರಸಿಂಹ, ಗರುಡ ಮುಖವಾಡ ಬೇಕು. ಅಸ್ಸಾಮಿನ ಮಾಜುಲಿಯಲ್ಲಿ ಬಿದಿರು-ಮಣ್ಣಿನಲ್ಲಿ ಮಾಡುವ ಕ್ರಮವನ್ನು ಮಕ್ಕಳ ಕೈಯಲ್ಲಿ ಮಾಡಿಸಬಹುದೇ? ಹೋದ ವರ್ಷ ಮಣ್ಣಿನಲ್ಲಿ ಮಾಡಿದ್ದೆಲ್ಲ ಒಡೆದುಹೋಯಿತು. — ಶಿಕ್ಷಕಿ, ಅರಸೀಕೆರೆ

ಉತ್ತರ: ಧಾರಾಳವಾಗಿ ಮಾಡಿಸಬಹುದು, ಆದರೆ ಮೂರು ವಾರ ಮೊದಲೇ ಶುರುಮಾಡಿ. ಮಾಜುಲಿ ಬ್ರಹ್ಮಪುತ್ರದ ನಡುವಿನ ನದೀದ್ವೀಪ. ಶಂಕರದೇವರ ವೈಷ್ಣವ ಪರಂಪರೆಯ ಸತ್ರಗಳಲ್ಲಿ, ಅಂದರೆ ಮಠಗಳಲ್ಲಿ, ಭಾವೊನಾ ಎಂಬ ನಾಟಕಕ್ಕಾಗಿ ಈ ಮುಖವಾಡಗಳು ಹುಟ್ಟಿದವು. ಸಾಮಗುರಿ ಸತ್ರ ಇದಕ್ಕೆ ಹೆಸರುವಾಸಿ. 2024ರಲ್ಲಿ ಇವಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಮುಖಕ್ಕಷ್ಟೇ ಕಟ್ಟುವುದು, ಎದೆವರೆಗೆ ಇಳಿಯುವುದು, ತಲೆ-ಮೈ ಎರಡನ್ನೂ ಮುಚ್ಚುವ ದೈತ್ಯಾಕಾರದ್ದು ಎಂದು ಮೂರು ಬಗೆ. ನಿಮಗೆ ಮೊದಲನೆಯದು ಸಾಕು.

ಬಿದಿರಿನ ಕೆಲಸಕ್ಕೆ ಊರಿನ ಮೇದರ ನೆರವು ಕೇಳಿ. ಹಸಿ ಬಿದಿರನ್ನು ಒಂದು ವಾರ ನೀರಿನಲ್ಲಿ ಮುಳುಗಿಸಿಡಬೇಕು. ಒಳಗಿನ ಪಿಷ್ಟ ಕಡಿಮೆಯಾದರೆ ಹುಳು ಬೀಳುವುದೂ ಕಡಿಮೆ. ಎರಡು-ಮೂರು ಮಿ.ಮೀ. ಅಗಲದ ಸೀಳು ಮಾಡಿ, ಆರು ಮೂಲೆಯ ಕಣ್ಣುಗಳು ಬರುವಂತೆ ಮುಖದ ಆಕಾರಕ್ಕೆ ಹೆಣೆಯಿರಿ. ಚೌಕ ಹೆಣಿಗೆ ಬೇಡ, ಬಾಗಿಸಿದಾಗ ಕದಲುತ್ತದೆ. ಅಂಚನ್ನು ಮಡಚಿ ಕಟ್ಟದಿದ್ದರೆ ಮಗುವಿನ ಕೆನ್ನೆ ಗೀಚುತ್ತದೆ. ಸೀಳುವ ಕೆಲಸ ಮಕ್ಕಳಿಗೆ ಕೊಡಬೇಡಿ.

ನುಣುಪಾದ ಜೇಡಿಮಣ್ಣನ್ನು ದೋಸೆ ಹಿಟ್ಟಿನ ಹದಕ್ಕೆ ಕದಡಿ, ಹಳೆಯ ಹತ್ತಿ ಬಟ್ಟೆಯ ತುಂಡುಗಳನ್ನು ಅದರಲ್ಲಿ ಅದ್ದಿ ಹೆಣಿಗೆಯ ಮೇಲೆ ಎರಡು-ಮೂರು ಪದರ ಹೊದಿಸಿ. ಪಾಲಿಯೆಸ್ಟರ್ ಮಣ್ಣು ಕುಡಿಯುವುದಿಲ್ಲ, ಸುಲಿದುಬರುತ್ತದೆ. ಪೂರ್ತಿ ಒಣಗಿದ ಮೇಲೆ ಮಣ್ಣು ಮತ್ತು ಸಗಣಿ ಕಲಸಿ ಮೂಗು, ಹುಬ್ಬು, ಕೆನ್ನೆ ಎಬ್ಬಿಸಬೇಕು. ನಿಮ್ಮದು ಒಡೆದದ್ದು ಇಲ್ಲೇ ಇರಬೇಕು: ಬರೀ ಮಣ್ಣು ಒಣಗುವಾಗ ಕುಗ್ಗುತ್ತದೆ, ಹಿಡಿದಿಡಲು ನಾರು ಬೇಕು, ಸಗಣಿಯಲ್ಲಿ ಆ ನಾರಿದೆ. ಒಂದು ಸಲಕ್ಕೆ ಅರ್ಧ ಸೆಂ.ಮೀ.ಗಿಂತ ದಪ್ಪ ಮೆತ್ತಬೇಡಿ, ನೆರಳಲ್ಲೇ ಒಣಗಿಸಿ. ಅರೆ ಒಣಗಿದಾಗ ಬಿದಿರಿನ ಚೂರಿಯಿಂದ ಗೆರೆ ತಿದ್ದಬಹುದು. ಮಾಜುಲಿಯಲ್ಲಿ ಹಿಂಗುಳ, ಹರಿತಾಳ ಬಳಸುತ್ತಿದ್ದರು. ಒಂದು ಪಾದರಸದ್ದು, ಇನ್ನೊಂದು ಆರ್ಸೆನಿಕ್‌ನದು, ಎರಡೂ ವಿಷ. ನೀವು ಪೋಸ್ಟರ್ ಬಣ್ಣವನ್ನೇ ಬಳಸಿ. ಮೂಗಿನ ತೂತು ದೊಡ್ಡದಿರಲಿ, ಒಳಗೆ ಬೆರಳೆರಡು ಹಿಡಿಯುವಷ್ಟು ಜಾಗವಿರಲಿ, ಇಲ್ಲದಿದ್ದರೆ ಮಾತು ಗೊಗ್ಗರಾಗಿ ಹಿಂದಿನ ಸಾಲಿಗೆ ಕೇಳಿಸದು.

ಪ್ರಶ್ನೆ: ಎಲ್ಲ ಕಡೆ ಗಂಡಸರೇ ಮುಖವಾಡ ಧರಿಸುತ್ತಾರಲ್ಲ, ಹೆಂಗಸರ ಮುಖವಾಡವೇ ಇಲ್ಲವೇ? — ಓದುಗರು, ಧಾರವಾಡ

ಉತ್ತರ: ಇದೆ. ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನಿನ ಮೆಂಡೆ ಜನರಲ್ಲಿ ಸಾಂಡೆ ಎಂಬ ಹೆಂಗಸರ ಕೂಟವಿದೆ. ಹುಡುಗಿಯರು ದೀಕ್ಷೆ ಪಡೆದು ಹೆಂಗಸರಾಗುವ ಸಂದರ್ಭದಲ್ಲಿ ಹಿರಿಯ ಹೆಂಗಸರು ಕಪ್ಪಗೆ ಮಿರುಗುವ, ಟೋಪಿಯಂತೆ ಇಡೀ ತಲೆ ಮುಚ್ಚುವ ಮರದ ಮುಖವಾಡ ತೊಟ್ಟು ಕುಣಿಯುತ್ತಾರೆ. ಅಗಲ ಹಣೆ, ಪುಟ್ಟ ಬಾಯಿ, ಕತ್ತಿನಲ್ಲಿ ಮಡಿಕೆಗಳು. ಕೆತ್ತುವವರು ಮಾತ್ರ ಗಂಡಸರು. ಇದಕ್ಕೆ ತಿರುಗುಮುರುಗಾದದ್ದು ಅದೇ ಪಶ್ಚಿಮ ಆಫ್ರಿಕದ ಯೊರುಬಾ ಜನರ ಗೆಲೆಡೆ ಕುಣಿತ: ತಾಯಂದಿರ ಶಕ್ತಿಯನ್ನು ಒಲಿಸಿಕೊಳ್ಳಲು ಗಂಡಸರು ಹೆಣ್ಣುವೇಷ ತೊಟ್ಟು, ಮುಖವಾಡವನ್ನು ನೆತ್ತಿಯ ಮೇಲಿಟ್ಟು ಕುಣಿಯುತ್ತಾರೆ.

ಪ್ರಶ್ನೆ: ಬೈಲಕುಪ್ಪೆಯ ಟಿಬೆಟನ್ ಮಠದ ಕುಣಿತದಲ್ಲಿ ತಲೆಬುರುಡೆ ಮುಖವಾಡ ಕಂಡು ಮಕ್ಕಳು ಹೆದರಿದರು. ಅವು ದೆವ್ವಗಳೇ? — ಓದುಗರು, ಹುಣಸೂರು

ಉತ್ತರ: ಅಲ್ಲ, ಸ್ಮಶಾನದ ಒಡೆಯರು, ಬದುಕು ಶಾಶ್ವತವಲ್ಲ ಎಂದು ನೆನಪಿಸಲು ಬರುವವರು. ಟಿಬೆಟನ್ನರ ಹೊಸವರ್ಷ ಲೋಸಾರ್‌ಗೆ ಮುಂಚೆ ನಡೆಯುವ ಈ ಛಾಮ್ ಕುಣಿತದಲ್ಲಿ ಕೆಂಗಣ್ಣಿನ ಮುಖಗಳೂ ಕಾವಲು ದೇವತೆಗಳೇ. ಅವರ ಕಿರೀಟದ ಐದು ಬುರುಡೆಗಳು ಕಾಮ, ಕ್ರೋಧದಂಥ ಐದು ವಿಷಗಳು ಜ್ಞಾನವಾಗಿ ಮಾರ್ಪಟ್ಟದ್ದರ ಗುರುತು. ಕುಣಿಯುವ ಭಿಕ್ಷು ಅನೇಕ ಸಲ ನೋಡುವುದು ಮುಖವಾಡದ ಕಣ್ಣಿನಿಂದಲ್ಲ, ಬಾಯಿಯಿಂದ. ಆದ್ದರಿಂದ ಅವನಿಗೆ ಅಕ್ಕಪಕ್ಕ ಕಾಣದು; ಫೋಟೋಗಾಗಿ ವರ್ತುಲದೊಳಗೆ ನುಗ್ಗಬೇಡಿ.

ಪ್ರಶ್ನೆ: ಇಲ್ಲಿನ ಮೂಲನಿವಾಸಿ ಹೊಡೆನೊಶೋನಿ ಜನರ ಮುಖವಾಡಗಳನ್ನು ವಸ್ತುಸಂಗ್ರಹಾಲಯದಲ್ಲಿ ನೋಡಲು ಹೋದರೆ ಒಂದೂ ಇರಲಿಲ್ಲ. ಏಕೆ? — ಕನ್ನಡಿಗರು, ರಾಚೆಸ್ಟರ್, ನ್ಯೂಯಾರ್ಕ್

ಉತ್ತರ: ತೆಗೆದಿಟ್ಟಿರುತ್ತಾರೆ ಅಥವಾ ಮರಳಿಸಿರುತ್ತಾರೆ. ಆ ಜನರಿಗೆ ಅವು ರೋಗ ಕಳೆಯುವ, ಜೀವವಿರುವ ಮುಖಗಳು. ಅವುಗಳನ್ನು ಮಾರಬಾರದು, ಪ್ರದರ್ಶಿಸಬಾರದು, ನಕಲು ಮಾಡಬಾರದು ಎಂದು ಅವರ ಮಹಾಸಭೆ 1995ರಲ್ಲಿ ಪ್ರಕಟಿಸಿತು. ಪವಿತ್ರ ವಸ್ತುಗಳನ್ನು ಮರಳಿಸುವ ಕಾನೂನು ಅಮೆರಿಕದಲ್ಲಿ 1990ರಿಂದ ಇದೆ. 2024ರಲ್ಲಿ ಜಾರಿಯಾದ ನಿಯಮಗಳ ಪ್ರಕಾರ ಅಂಥವನ್ನು ಪ್ರದರ್ಶಿಸಲು ಆ ಜನರ ಒಪ್ಪಿಗೆ ಬೇಕು. ನಾವೂ ಈ ಪುಟದಲ್ಲಿ ಅದರ ಚಿತ್ರ ಹಾಕಿಲ್ಲ, ಮಾಡುವ ಬಗೆಯನ್ನೂ ಬರೆದಿಲ್ಲ.

ಎಲ್ಲರೂ ಹೀಗೆಯೇ ಎಂದಲ್ಲ. ಅಲಾಸ್ಕಾದ ಯೂಪಿಕ್ ಜನರು ಚಳಿಗಾಲದ ಹಬ್ಬಕ್ಕೆಂದು ಕೆತ್ತಿದ ಮುಖವಾಡಗಳನ್ನು ಕುಣಿತ ಮುಗಿದ ಮೇಲೆ ಸುಡುತ್ತಿದ್ದರು ಇಲ್ಲವೇ ಎಸೆಯುತ್ತಿದ್ದರು. ಅವರ ಎಷ್ಟೋ ಮುಖವಾಡಗಳನ್ನು ಸಂಗ್ರಹಾಲಯಗಳಲ್ಲಿ ಇಂದಿಗೂ ನೋಡಬಹುದು. ನಿಮ್ಮೂರಿನ ಹಳೆ ಸಾಮಾನಿನ ಹರಾಜಿನಲ್ಲಿ ಹೊಡೆನೊಶೋನಿ ಮುಖವಾಡ ಎಂದು ಯಾವುದಾದರೂ ಕಂಡರೆ ಕೊಳ್ಳಬೇಡಿ. ಹೊಡೆನೊಶೋನಿಗಳಲ್ಲೇ ಸೇರಿದ, ನಿಮಗೆ ಹತ್ತಿರದ ಸೆನೆಕಾ ಸಮುದಾಯದ ಕಚೇರಿಗೆ ತಿಳಿಸಿ.