ಜಿಮ್‌ಗೆ ಹೋದ ರಾತ್ರಿಯೇ ನಿದ್ದೆ ಬರಲ್ಲ ಅಂದವರಿಗೆ

ಆಫೀಸ್ ಮುಗಿಸಿ ಮುಂಬೈ ಹತ್ತಿರದ ಡೊಂಬಿವಿಲಿಗೆ ಬಂದು, ರಾತ್ರಿ ಒಂಬತ್ತಕ್ಕೆ ಜಿಮ್‌ಗೆ ಹೋಗಿ, ಹನ್ನೊಂದೂವರೆಗೆ ಮಲಗ್ತೀರಿ, ಆದರೆ ಎರಡಾದರೂ ಕಣ್ಣು ಮುಚ್ಚಲ್ಲ, ಜಿಮ್ ಇಲ್ಲದ ದಿನ ಮಾತ್ರ ಗಡದ್ದು ನಿದ್ದೆ ಅಂದಿದ್ದೀರಿ. ಇಷ್ಟು ಸುಸ್ತಾದರೂ ಹೀಗೇಕೆ ಅನ್ನೋದು ನಿಮ್ಮ ಪ್ರಶ್ನೆ ಅಲ್ವಾ?

ಮೈ ಸುಸ್ತಾದ ಮಾತ್ರಕ್ಕೆ ನಿದ್ದೆ ಬರಲ್ಲ. ನಿದ್ದೆ ಹತ್ತಬೇಕಾದರೆ ಒಳಗಿನ ಬಿಸಿ ಸ್ವಲ್ಪ ಇಳಿಯಬೇಕು, ಎದೆಬಡಿತ ನಿಧಾನ ಆಗಬೇಕು. ಜೋರು ವ್ಯಾಯಾಮ ಎರಡನ್ನೂ ಏರಿಸುತ್ತದೆ, ಮೈಯನ್ನು ಎಚ್ಚರವಾಗಿಡೋ ಅಡ್ರಿನಲಿನ್ ಕೂಡ ಏರುತ್ತದೆ. ಮುಂಬೈ ಕಡೆಯ ಸೆಕೆಯಲ್ಲಿ ಬೆವರು ಬೇಗ ಆರಲ್ಲ, ಹಾಗಾಗಿ ಮೈ ತಣ್ಣಗಾಗೋದು ಇನ್ನೂ ತಡ.

ಆದರೆ ನನಗೆ ಜಾಸ್ತಿ ಅನುಮಾನ ನೀವು ಪತ್ರದ ಕೊನೆಯಲ್ಲಿ ಸುಮ್ನೆ ಹೇಳಿಬಿಟ್ಟ, ವ್ಯಾಯಾಮಕ್ಕೆ ಮುಂಚೆ ಹುರುಪಿಗೆ ಅಂತ ಕುಡಿಯೋ ಆ ಪ್ರೀ-ವರ್ಕೌಟ್ ಪುಡಿಯ ಮೇಲೆ. ಡಬ್ಬಿ ತಿರುಗಿಸಿ ನೋಡಿ. ಇಂಥ ಎಷ್ಟೋ ಪುಡಿಗಳಲ್ಲಿ ಒಂದು ಚಮಚಕ್ಕೆ 150ರಿಂದ 300 ಮಿಲಿಗ್ರಾಂ ನಿದ್ದೆ ತಡೆಯೋ ಕೆಫೀನ್ ಇರುತ್ತದೆ, ಒಂದು ಕಟಿಂಗ್ (ಅರ್ಧ ಲೋಟ) ಚಹಾದಲ್ಲಿರೋದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅದರ ಅರ್ಧ ಭಾಗ ಮೈಯಿಂದ ಹೋಗೋಕೇ ಸುಮಾರು ಐದು ಗಂಟೆ ಬೇಕು, ಅಂದರೆ ಒಂಬತ್ತಕ್ಕೆ ಕುಡಿದದ್ದು ರಾತ್ರಿ ಎರಡಕ್ಕೂ ಅರ್ಧ ಉಳಿದಿರುತ್ತದೆ. ನೀವು ಹೇಳಿದ ಹೊತ್ತೂ ಅದೇ! ಮೊದಲು ಅದನ್ನು ಬಿಡಿ, ಬೇರೇನೂ ಬದಲಿಸಬೇಡಿ, ಎರಡು ವಾರ ನೋಡಿ.

ಆಮೇಲೂ ಬರದಿದ್ದರೆ ಭಾರ ಎತ್ತೋದು, ಓಡೋದು ಬೆಳಿಗ್ಗೆಗೆ ಇಡಿ. ಲೋಕಲ್ ರೈಲು ಹಿಡಿಯೋ ಗಡಿಬಿಡಿಯಲ್ಲಿ ಆಗಲ್ಲ ಅಂದರೆ ಶನಿವಾರ, ಭಾನುವಾರ ಜೋರಾಗಿ ಮಾಡಿ, ವಾರದ ರಾತ್ರಿಗಳಲ್ಲಿ ನಡಿಗೆ ಸಾಕು. ಜಿಮ್‌ನಿಂದ ಬಂದ ಕೂಡಲೇ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ, ಊಟ ಹಗುರ ಇರಲಿ. ಮಲಗಿದಾಗ ಎದೆ ತಪ್ಪಿ ತಪ್ಪಿ ಹೊಡೆದುಕೊಂಡರೆ ಮಾತ್ರ ಕಾಯಬೇಡಿ, ಡಾಕ್ಟರಿಗೆ ತೋರಿಸಿ, ಡಬ್ಬಿಯನ್ನೂ ಒಯ್ಯಿರಿ.